ಲಕ್ಷ ರೂಪಾಯಿಯ ಕಣ್ಣಿಗೆ ಕನ್ನಡ ಕಾಣುವುದಿಲ್ಲವೇ?

ಫೋನುಗಳ ಜಗಳ ನೋಡುತ್ತಿದ್ದೀರಲ್ಲ? ಯಾವ ಟೀ ಅಂಗಡಿಗೆ ಹೋದರೂ ಅದೇ ಮಾತು. ಒಬ್ಬ ಐಫೋನ್ 17 ಪ್ರೊ ಹಿಡಿದು ಬಂದರೆ ಇನ್ನೊಬ್ಬ ಸ್ಯಾಮ್‌ಸಂಗ್ ಎಸ್25 ಅಲ್ಟ್ರಾ ಎತ್ತಿ ತೋರಿಸುತ್ತಾನೆ. ಮೂರನೆಯವನೊಬ್ಬ ಸ್ವಲ್ಪ ಓದಿಕೊಂಡವನು, ಪಿಕ್ಸೆಲ್ 10 ಪ್ರೊ ಜೇಬಿನಿಂದ ತೆಗೆದು "ನೀವಿಬ್ಬರೂ ಸುಮ್ಮನಿರಿ" ಅನ್ನುತ್ತಾನೆ. 2025ರಲ್ಲಿ ಇವು ಪೇಟೆಗೆ ಬಂದಾಗ ಮೊದಲನೆಯದರ ಬೆಲೆ 1,34,900 ರೂಪಾಯಿ, ಎರಡನೆಯದು 1,29,999, ಮೂರನೆಯದು 1,09,999. ನಮ್ಮ ಪ್ರೆಸ್ಸಿನ ಕಟಿಂಗ್ ಯಂತ್ರಕ್ಕೆ ಅಷ್ಟು ಕೊಡಲು ನಾನು ಎರಡು ವರ್ಷ ಯೋಚಿಸಿದ್ದೆ. ಇರಲಿ, ಅವರವರ ದುಡ್ಡು, ಅವರವರ ಚಟ.

ನನ್ನ ತಕರಾರು ದುಡ್ಡಿನ ಬಗ್ಗೆ ಅಲ್ಲ, ಅಳತೆಗೋಲಿನ ಬಗ್ಗೆ. ಯಾವ ಕ್ಯಾಮೆರಾ ಮೇಲು ಎಂದು ತೀರ್ಮಾನಿಸುವವರು ಯಾರು? ಯಾವುದನ್ನು ಅಳೆದು ತೀರ್ಮಾನಿಸುತ್ತಾರೆ? ಅದರಲ್ಲಿ ಕನ್ನಡಿಗನಿಗೆ ಬೇಕಾದ ಅಳತೆ ಒಂದಾದರೂ ಇದೆಯೇ? ನಮ್ಮ ಕನ್ನಡ ಪತ್ರಿಕೆಗಳೇ ಈ ಹೋಲಿಕೆಗಳನ್ನು ಇಂಗ್ಲಿಷಿನಿಂದ ಭಟ್ಟಿ ಇಳಿಸಿ ಅಚ್ಚು ಹಾಕುತ್ತವೆ. ರಾತ್ರಿ ಫೋಟೊ ಹೇಗೆ, ಜೂಮ್ ಎಷ್ಟು, ಹಿನ್ನೆಲೆ ಎಷ್ಟು ಮಸುಕು, ಮೆಗಾಪಿಕ್ಸೆಲ್ ಎಷ್ಟು. ಮುಗಿಯಿತು. ಅಂಕ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಮೊದಲು ಈ ಮೆಗಾಪಿಕ್ಸೆಲ್ ಎಂಬ ಬೂಟಾಟಿಕೆ ನೋಡೋಣ. ನಾನು ಪಿಯುಸಿ ಮುಗಿಸಿ ನೇರವಾಗಿ ಅಪ್ಪನ ಪ್ರೆಸ್ಸಿಗೆ ಬಂದವನು. ದೊಡ್ಡ ವಿಜ್ಞಾನ ನನಗೆ ಗೊತ್ತಿಲ್ಲ. ಆದರೆ ಚುಕ್ಕಿ ಎಣಿಸುವುದು ನಮ್ಮ ಕಸುಬು. ಅಚ್ಚಾದ ಚಿತ್ರವೆಂದರೆ ಚುಕ್ಕಿಗಳ ಸಂತೆ, ಭೂತಗನ್ನಡಿ ಹಿಡಿದರೆ ಮಕ್ಕಳಿಗೂ ಕಾಣುತ್ತದೆ. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು. ಸ್ಯಾಮ್‌ಸಂಗ್‌ನ 200 ಮೆಗಾಪಿಕ್ಸೆಲ್ ಕ್ಯಾಮೆರಾ ಮಾಮೂಲಿಯಾಗಿ 16 ಚುಕ್ಕಿಗಳನ್ನು ಕೂಡಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ. ಅಂದರೆ 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ. ಐಫೋನಿನ 48 ಕೂಡ ಮಾಮೂಲಿಯಾಗಿ 24ಕ್ಕೆ ಇಳಿದು ಬರುತ್ತದೆ. ಇದು ಮೋಸ ಅಂತ ನಾನು ಹೇಳುವುದಿಲ್ಲ. ಅಷ್ಟು ಸಣ್ಣ ಚುಕ್ಕಿಗೆ ಬೆಳಕು ಸಾಲದು. ಸ್ಯಾಮ್‌ಸಂಗ್‌ನ ಆ ಚುಕ್ಕಿ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕದು. ಹದಿನಾರು ಜನ ಸೇರಿ ಒಂದು ಬಿಂದಿಗೆ ಹೊತ್ತ ಹಾಗೆ. ಆದರೆ ಪೆಟ್ಟಿಗೆಯ ಮೇಲೆ 200 ಅಂತ ಬರೆದು, ಒಳಗೆ 12 ಕೊಟ್ಟು, ನಮ್ಮವರು ಆ 200ನ್ನು ಹಿಡಿದು ಟೀ ಅಂಗಡಿಯಲ್ಲಿ ಕುಣಿಯುವುದಿದೆಯಲ್ಲ, ಅದಕ್ಕೆ ಏನನ್ನಬೇಕು?

ಆ 12ನ್ನು ಹಾಳೆಗೆ ಇಳಿಸಿದರೆ 13 ಇಂಚು ಚಿಲ್ಲರೆ ಉದ್ದ, 10 ಇಂಚು ಅಗಲ. ಎ4 ಹಾಳೆ ತುಂಬಿ ಮಿಕ್ಕುತ್ತದೆ. ಮದುವೆ ಪತ್ರಿಕೆಗೆ ಧಾರಾಳ. ಆದರೆ ನಮ್ಮ ಗಿರಾಕಿ ಏನು ಮಾಡುತ್ತಾನೆ? ಲಕ್ಷದ ಮೇಲಿನ ಫೋನಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಹಾಗೇ ತಳ್ಳುತ್ತಾನೆ. ಅದು ಚಿತ್ರವನ್ನು ಕುಗ್ಗಿಸಿ ಉದ್ದದ ಬದಿಗೆ 1600 ಚುಕ್ಕಿ ಉಳಿಸುತ್ತದೆ. 1600ನ್ನು 300ರಿಂದ ಭಾಗಿಸಿ. ಐದು ಇಂಚು ಚಿಲ್ಲರೆ. ಹತ್ತು ಸಾವಿರದ ಫೋನಿನ ಚಿತ್ರವೂ ಅಷ್ಟೇ, ಲಕ್ಷದ್ದೂ ಅಷ್ಟೇ! ಆಮೇಲೆ "ಏನಣ್ಣ, ನಿಮ್ಮ ಪ್ರಿಂಟು ಸರಿ ಇಲ್ಲ" ಅಂತ ನಮ್ಮ ಮೇಲೆ ಎಗರುತ್ತಾನೆ. ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳಿಸಿ ಮಹಾರಾಯರೇ. ಈ ಒಂದು ಮಾತಿಗೆ ಯಾವ ಕಂಪನಿಯೂ ದುಡ್ಡು ಕೇಳುವುದಿಲ್ಲ.

ಇನ್ನು ಬಣ್ಣದ ವಿಷಯ. ಹಿಂದೆ ಫಿಲಂ ಕಾಲದಲ್ಲಿ ಅಮೆರಿಕದ ಕೊಡಾಕ್ ಕಂಪನಿ ಒಬ್ಬ ಬಿಳಿ ಹೆಂಗಸಿನ ಫೋಟೊವನ್ನು ಸ್ಟುಡಿಯೋ, ಲ್ಯಾಬುಗಳಿಗೆ ಹಂಚುತ್ತಿತ್ತು. 'ಶರ್ಲಿ ಕಾರ್ಡ್' ಅಂತ ಅದರ ಹೆಸರು. ಆಕೆಯ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಚರ್ಮದವರು ಆ ಲೆಕ್ಕದಲ್ಲೇ ಇರಲಿಲ್ಲ. ಗೂಗಲ್ 2021ರಲ್ಲಿ ಪಿಕ್ಸೆಲ್ 6 ತಂದಾಗ ಕಪ್ಪು, ಕಂದು ಚರ್ಮವನ್ನು ಇದ್ದ ಹಾಗೆ ತೋರಿಸುತ್ತೇವೆ ಎಂದು 'ರಿಯಲ್ ಟೋನ್' ಎಂಬ ಹೆಸರಿನಲ್ಲಿ ಹೊರಟಿತು. ಒಳ್ಳೆಯ ಕೆಲಸ. ಒಂದು ಕಂಪನಿ ಮಾಡಿತು ಅಂದರೆ ಮಿಕ್ಕವರೂ ಮಾಡಬಹುದು ಅಂತಾಯಿತಲ್ಲ? ಆದರೂ ನನ್ನ ಮೇಜಿಗೆ ಬರುವ ಮದುವೆ ಫೋಟೊಗಳನ್ನು ನೋಡಿ. ಎಣ್ಣೆಗೆಂಪು ಬಣ್ಣದ ನಮ್ಮ ಹೆಣ್ಣುಮಗಳು ಮೈದಾಹಿಟ್ಟಿನ ಗೊಂಬೆಯಾಗಿ ಬಂದಿರುತ್ತಾಳೆ. ಮೊನ್ನೆ ಒಬ್ಬ ತಾಯಿ ತನ್ನ ಮಗಳ ಲಗ್ನಪತ್ರಿಕೆ ಕೈಗೆತ್ತಿಕೊಂಡು "ಇದು ಯಾರ ಮಗಳಪ್ಪ?" ಅಂದರು. ತಮಾಷೆಗೆ ಅಂದದ್ದಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ನಮ್ಮೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ತಂದೆ 1960ರ ಸುಮಾರಿನಲ್ಲಿ ನಮ್ಮ ಸೀಮೆಯ ಕೆರೆಗಳ ಬಗ್ಗೆ 96 ಪುಟದ ಒಂದು ಪುಸ್ತಕ ಬರೆದಿದ್ದರು. ಅಚ್ಚುಮೊಳೆ ಜೋಡಿಸಿ ತೆಗೆದ ಪುಸ್ತಕ. ಉಳಿದಿರುವುದು ಒಂದೇ ಪ್ರತಿ, ಮುಟ್ಟಿದರೆ ಪುಡಿಯಾಗುತ್ತದೆ. ಅದನ್ನು ಮತ್ತೆ ಅಚ್ಚು ಮಾಡಿಸಬೇಕು ಎಂಬುದು ಮೇಷ್ಟ್ರ ಆಸೆ. ಮಗ ಹೊರದೇಶದಿಂದ ರಜೆಗೆ ಬಂದಿದ್ದ, ಕೈಯಲ್ಲಿ ದುಬಾರಿ ಫೋನು. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ನಮ್ಮ ಪ್ರೆಸ್ಸಿನ ಕಿಟಕಿ ಬೆಳಕಿನಲ್ಲೇ ಪುಟಪುಟವನ್ನೂ ತೆಗೆದ. ಫೋಟೊ ಎಂಥದ್ದು ಅಂತೀರಿ! ಮೊಳೆ ಒತ್ತಿದ ಗುರುತು, ಕಾಗದದ ನಾರು, ಹುಳ ತಿಂದ ತೂತು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ. ಆಮೇಲೆ ಆ ಹುಡುಗ ಅಕ್ಷರದ ಮೇಲೆ ಬೆರಳಿಟ್ಟು ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಪುಟದ ತುದಿಯಲ್ಲಿದ್ದ ಬೆಲೆಯ ಇಂಗ್ಲಿಷ್ ಅಂಕಿ ಮಾತ್ರ ಮಿಂಚಿತು. ಪುಟ ತುಂಬ ಕನ್ನಡ. ಫೋನಿಗೆ ಕಂಡದ್ದು ಬೆಲೆ!

"ಅಪ್ಪಾಜಿ, ಇಂಗ್ಲಿಷ್ ಆಗಿದ್ದಿದ್ರೆ ಎರಡು ನಿಮಿಷದ ಕೆಲಸ" ಅಂದ ಹುಡುಗ. ಮೇಷ್ಟ್ರು ಏನೂ ಹೇಳಲಿಲ್ಲ. ಪುಸ್ತಕವನ್ನು ಪಂಚೆಯ ಬಟ್ಟೆಯಲ್ಲಿ ಸುತ್ತಿ ಮತ್ತೆ ಚೀಲಕ್ಕೆ ಹಾಕಿಕೊಂಡರು.

ಆ ಮಾತು ನನಗೆ ಚುಚ್ಚಿತು. ಹುಡುಗನದು ತಪ್ಪಲ್ಲ, ಅವನು ಇದ್ದದ್ದನ್ನು ಹೇಳಿದ. ಕ್ಯಾಮೆರಾದಲ್ಲೇ ಅಕ್ಷರ ಓದುವ ಸೌಲಭ್ಯವನ್ನು ಆ್ಯಪಲ್ ಕಂಪನಿ 2021ರಲ್ಲಿ 'ಲೈವ್ ಟೆಕ್ಸ್ಟ್' ಎಂದು ತಂದಿತು. ಮೊದಲ ದಿನದ ಪಟ್ಟಿ ಕೇಳಿ. ಇಂಗ್ಲಿಷ್, ಚೀನೀ, ಫ್ರೆಂಚ್, ಇಟಾಲಿಯನ್, ಜರ್ಮನ್, ಪೋರ್ಚುಗೀಸ್, ಸ್ಪ್ಯಾನಿಷ್. ಮರುವರ್ಷ ಜಪಾನಿ, ಕೊರಿಯನ್, ಉಕ್ರೇನಿಯನ್ ಸೇರಿದವು. ಭಾರತದ ಒಂದೇ ಒಂದು ಭಾಷೆಗೂ ಆಗ ಜಾಗವಿರಲಿಲ್ಲ. ಉಕ್ರೇನಿಯನ್ನರ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ, ಅವರಿಗೆ ಬಂದದ್ದು ಸಂತೋಷವೇ. ಆದರೆ ಯುದ್ಧಕ್ಕೆ ಮುಂಚೆ ಆ ದೇಶದ ಜನ ನಾಲ್ಕು ಕೋಟಿ ಚಿಲ್ಲರೆ. 2011ರ ಜನಗಣತಿಯಲ್ಲಿ ಕನ್ನಡ ನಮ್ಮ ತಾಯಿನುಡಿ ಎಂದವರು 4 ಕೋಟಿ 37 ಲಕ್ಷ. ಜನಸಂಖ್ಯೆ ಸಾಲದು ಎಂಬ ನೆಪ ಇಲ್ಲಿಗೆ ಸತ್ತಿತು.

ಕನ್ನಡ ಕಷ್ಟದ ಲಿಪಿ ಎಂಬ ಎರಡನೆಯ ನೆಪ ಇದೆ. ಕಷ್ಟ ಹೌದು, ನಾನು ಒಪ್ಪುತ್ತೇನೆ. ನಲವತ್ತು ದಾಟಿದ ನನ್ನ ಕಣ್ಣಿಗೇ ಪ್ರೂಫ್ ನೋಡುವಾಗ 'ಮ' ಮತ್ತು 'ವು' ಕಿತ್ತಾಡುತ್ತವೆ. ಸೊನ್ನೆಯೂ ಅನುಸ್ವಾರವೂ ಅವಳಿ ಮಕ್ಕಳು. ಅರ್ಕಾವೊತ್ತು ನೋಡಿದರೆ ನಮ್ಮ ಒಂಬತ್ತರ ಹಾಗೇ ಇದೆ. ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. 'ಸ್ವಾತಂತ್ರ್ಯ' ಎಂದು ಜೋಡಿಸುವಾಗ ನಮ್ಮಪ್ಪ ಮೊಳೆ ಹುಡುಕಿ ಬೆವರುತ್ತಿದ್ದರು. ಆದರೆ ಕಷ್ಟ ಅಂದರೆ ಅಸಾಧ್ಯವಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ 'ಲಿಪಿ ಜ್ಞಾನಿ' ಎಂಬ ಕನ್ನಡ ಓದುವ ತಂತ್ರಾಂಶ ಮಾಡಿದ್ದಾರೆ. ಗೂಗಲ್ ಲೆನ್ಸ್ ಕನ್ನಡ ಓದುತ್ತದೆ. ಅದೇ ಮೇಷ್ಟ್ರ ಪುಸ್ತಕದ ಒಂದು ಪುಟವನ್ನು ನಮ್ಮ ಡಿಟಿಪಿ ಹುಡುಗಿ ತನ್ನ ಹತ್ತು ಸಾವಿರದ ಫೋನಿನಲ್ಲಿ ಹಿಡಿದು, ಉಚಿತವಾಗಿ ಸಿಗುವ ಒಂದು ಆ್ಯಪಿಗೆ ಕೊಟ್ಟಳು. ಬಹುಪಾಲು ಸಾಲು ಸರಿಯಾಗಿ ಬಂತು. ಒತ್ತಕ್ಷರಗಳನ್ನು ನಾವು ತಿದ್ದಿಕೊಂಡೆವು. ಹತ್ತು ಸಾವಿರದ ಕಣ್ಣಿಗೆ ಕಂಡದ್ದು ಲಕ್ಷದ ಕಣ್ಣಿಗೆ ಯಾಕೆ ಕಾಣಲಿಲ್ಲ?

"ಅದೇ ಆ್ಯಪನ್ನು ದುಬಾರಿ ಫೋನಿಗೂ ಹಾಕಿಕೊಳ್ಳಬಹುದಲ್ಲ" ಎಂದು ಜಾಣರು ಕೇಳುತ್ತಾರೆ. ಹಾಕಿಕೊಳ್ಳಬಹುದು ಸ್ವಾಮಿ. ಇಂಗ್ಲಿಷಿನವನಿಗೆ ಫೋನು ಹುಟ್ಟುತ್ತಲೇ ಓದಿ ಕೊಡಬೇಕು, ಕನ್ನಡದವನು ಹಿತ್ತಲ ಬಾಗಿಲಿಂದ ಹೋಗಿ ಕೇಳಿ ಪಡೆಯಬೇಕು. ಬೆಲೆ ಮಾತ್ರ ಇಬ್ಬರಿಗೂ ಒಂದೇ!

ಇನ್ನೂ ಜಾಣರಿದ್ದಾರೆ. "ಅಕ್ಷರ ಓದುವುದು ಸಾಫ್ಟ್‌ವೇರ್ ಕೆಲಸ, ಕ್ಯಾಮೆರಾ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ" ಅನ್ನುತ್ತಾರೆ. ಹಾಗೋ? ಹಾಗಾದರೆ ನಿಮ್ಮ ರಾತ್ರಿ ಫೋಟೊ ಯಾರ ಕೆಲಸ? ಹತ್ತಾರು ಫೋಟೊ ಸರಸರನೆ ತೆಗೆದು ಒಂದರ ಮೇಲೊಂದು ಪೇರಿಸಿ ಒಂದು ಮಾಡುವುದು ಸಾಫ್ಟ್‌ವೇರ್. ಮುಖ ಬಿಟ್ಟು ಹಿನ್ನೆಲೆ ಮಸುಕು ಮಾಡುವುದು ಹೆಚ್ಚುಪಾಲು ಸಾಫ್ಟ್‌ವೇರ್. ಪಿಕ್ಸೆಲ್ 10 ಪ್ರೊದ 100 ಪಟ್ಟು ಜೂಮಿನಲ್ಲಿ ಮಸೂರಕ್ಕೆ ಕಾಣದ್ದನ್ನು ಕೃತಕ ಬುದ್ಧಿ ಊಹಿಸಿ ತುಂಬುತ್ತದೆ. ಸ್ಯಾಮ್‌ಸಂಗ್‌ನ ಚಂದ್ರನ ಕಥೆ ಮರೆತಿರಾ? 2023ರ ಮಾರ್ಚಿನಲ್ಲಿ ಒಬ್ಬ ಹುಡುಗಾಟಕ್ಕೆ ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಇಟ್ಟು ಆ ಫೋನಿನಲ್ಲಿ ಫೋಟೊ ತೆಗೆದ. ಮಸುಕಿನಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದ್ದವು! ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸಲು ಕೃತಕ ಬುದ್ಧಿ ಬಳಸುತ್ತೇವೆ ಎಂದು ಕಂಪನಿಯೇ ಆಮೇಲೆ ವಿವರಣೆ ಕೊಟ್ಟಿತು. ಚಂದ್ರನ ಕುಳಿ ತುಂಬುವಾಗ ಸಾಫ್ಟ್‌ವೇರನ್ನು ಕ್ಯಾಮೆರಾದ ಲೆಕ್ಕಕ್ಕೆ ಬರೆದು ಅಂಕ ಕೊಡುತ್ತೀರಿ. ಕನ್ನಡದ ಒತ್ತು ಓದುವ ಮಾತು ಬಂದಾಗ ಮಾತ್ರ ಅದು ಬೇರೆ ಇಲಾಖೆಯೇ?

ಈ ಊಹಿಸಿ ತುಂಬುವ ಚಟದಿಂದ ನಮಗೆ ಇನ್ನೊಂದು ಕೇಡೂ ಇದೆ. ಒಬ್ಬ ಗಿರಾಕಿ ರಸ್ತೆಯಾಚೆಯಿಂದ ಜೂಮ್ ಮಾಡಿ ತೆಗೆದ ತನ್ನ ಹಳೆಯ ಅಂಗಡಿ ಬೋರ್ಡಿನ ಫೋಟೊ ತಂದಿದ್ದ. ಯಾವ ಫೋನೋ ನಾನು ಕೇಳಲಿಲ್ಲ. ಇಂಗ್ಲಿಷ್ ಸಾಲು ಕತ್ತರಿಸಿಟ್ಟ ಹಾಗೆ ಸ್ಪಷ್ಟ. ಕನ್ನಡ ಸಾಲಿನಲ್ಲಿದ್ದದ್ದು ದೂರಕ್ಕೆ ಕನ್ನಡದ ಹಾಗೆ ಕಾಣುವ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲದ ಜಿಲೇಬಿ. ಅವನು ಅದನ್ನೇ ಕೊಟ್ಟು "ಇದೇ ಥರ ಹೊಡೆದುಕೊಡಿ" ಅಂದ. ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು ಎಂದು 2023ರ ಡಿಸೆಂಬರಿನಲ್ಲಿ ನಮ್ಮ ಹುಡುಗರು ಬೀದಿಗಿಳಿದರು, ಜೈಲಿಗೂ ಹೋದರು. 2024ರಲ್ಲಿ ಕಾನೂನೂ ಆಯಿತು. ಗೋಡೆಯ ಮೇಲೆ 60 ಗೆದ್ದೆವು. ಫೋನಿನ ಕಣ್ಣಿನಲ್ಲಿ ನಮ್ಮ ಪಾಲೆಷ್ಟು?

ಇದನ್ನೆಲ್ಲ ದೂರದೇಶದ ಕಂಪನಿಗಳ ಮುಂದೆ ಕೈಯೊಡ್ಡಿ ಬೇಡುವುದಕ್ಕೆ ಹೇಳುತ್ತಿಲ್ಲ. ಅವರ ಮನೆ ನಮ್ಮ ಅಂಗಳದಲ್ಲೇ ಇದೆ. ಭಾರತದಲ್ಲಿ ಮೊದಲ ಐಫೋನ್ ಜೋಡಣೆಯಾದದ್ದು 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ. ಆಮೇಲೆ ಕೋಲಾರದ ನರಸಾಪುರ, ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡಿತು. ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆ 2025ರಲ್ಲಿ ಐಫೋನ್ 17 ತಯಾರಿಸಲು ಶುರು ಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಬ್ಬಾಳದಲ್ಲಿ ಆ್ಯಪಲ್ ಅಂಗಡಿ ತೆರೆಯಿತು. ಸ್ಯಾಮ್‌ಸಂಗ್‌ನ ದೊಡ್ಡ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿದೆ. ಗೂಗಲ್ 2025ರಲ್ಲಿ ಮಹದೇವಪುರದ ಕಡೆ 'ಅನಂತ' ಎಂದು ಭವ್ಯ ಕಚೇರಿ ಕಟ್ಟಿಕೊಂಡಿತು. ನೆಲ ನಮ್ಮದು, ನೀರು ನಮ್ಮದು, ಜೋಡಿಸುವ ಬೆರಳೂ ಎಷ್ಟೋ ಪಾಲು ನಮ್ಮ ಹೆಣ್ಣುಮಕ್ಕಳದು. ಆ ಬೆರಳು ಜೋಡಿಸಿದ ಕಣ್ಣು ಆಕೆಯ ತಾಯಿನುಡಿಯನ್ನು ಓದಬಾರದೇ? 2007ರಲ್ಲಿ ಹುಟ್ಟಿದ ಐಫೋನಿಗೆ ಕನ್ನಡದ ಮೆನು ಬಂದದ್ದು 2025ರಲ್ಲಿ. ಹದಿನೆಂಟು ವರ್ಷ! ಆಂಡ್ರಾಯ್ಡ್ 2014ರಲ್ಲೇ ಕೊಟ್ಟಿತ್ತು. ಬಂದ ಮೇಲೆ ಎಷ್ಟು ಮಂದಿ ಮೆನುವನ್ನು ಕನ್ನಡಕ್ಕೆ ಬದಲಾಯಿಸಿಕೊಂಡಿರಿ? ನಿಮ್ಮ ಜೇಬಿನಲ್ಲಿರುವುದನ್ನು ಈಗಲೇ ತೆಗೆದು ನೋಡಿ. ನಾಚಿಕೆ ಆಗಲಿ ಅಂತಲೇ ಕೇಳುತ್ತಿದ್ದೇನೆ. ನಾವೇ ಇಂಗ್ಲಿಷಿನಲ್ಲಿ ಇಟ್ಟುಕೊಂಡರೆ ಕಂಪನಿಯವನು ಕನ್ನಡಕ್ಕೆ ಗಿರಾಕಿಯೇ ಇಲ್ಲ ಎಂದು ಲೆಕ್ಕ ಬರೆದುಕೊಳ್ಳುತ್ತಾನೆ.

ಒಂದು ಮಾತು ಮುಚ್ಚಿಡದೆ ಹೇಳಿಬಿಡುತ್ತೇನೆ. ಫೋನು ಕನ್ನಡ ಚೆನ್ನಾಗಿ ಓದಿದರೆ ನಮ್ಮ ಡಿಟಿಪಿ ಹುಡುಗಿಯ ಕೆಲಸ ಕಡಿಮೆಯಾಗುತ್ತದೆ. ಪುಟಕ್ಕೆ ಇಷ್ಟು ಎಂದು ನಾನು ಪಡೆಯುವ ಟೈಪಿಂಗ್ ದುಡ್ಡೂ ಹೋಗುತ್ತದೆ. ಹೋಗಲಿ. ಮೊಳೆ ಹೋದಾಗಲೂ ಅಪ್ಪ ಹೀಗೇ ಹೆದರಿದ್ದರು. ಟೈಪು ಮಾಡಿಸುವ ಖರ್ಚಿಗೆ ಹೆದರಿ ಪೆಟ್ಟಿಗೆಯಲ್ಲೇ ಗೆದ್ದಲು ಹಿಡಿಯುತ್ತಿರುವ ಪುಸ್ತಕಗಳು ಒಂದೊಂದು ಊರಲ್ಲೂ ಇವೆ. ಅವು ಹೊರಬಂದರೆ ಅಚ್ಚಿನ ಕೆಲಸ ನಮಗೇ ಬರುತ್ತದೆ, ತಿದ್ದುವ ಕೆಲಸ ಆ ಹುಡುಗಿಗೇ ಇರುತ್ತದೆ. ಮೇಷ್ಟ್ರ ಪುಸ್ತಕ ಈಗ ಎರಡನೆಯ ಪ್ರೂಫಿನಲ್ಲಿದೆ. ಅವರು ಕೆಂಪು ಶಾಯಿಯಲ್ಲಿ ತಪ್ಪು ಹುಡುಕಿ ಹುಡುಕಿ ನಮ್ಮ ಮಾನ ತೆಗೆಯುತ್ತಿದ್ದಾರೆ.

ಅದಕ್ಕೇ ನಾನೊಂದು ಹಾಳೆ ಅಚ್ಚು ಹಾಕಿಸಿದ್ದೇನೆ. ಒಂದೇ ಮಗ್ಗುಲು, ಎ4. ಮೇಲೆ ದಪ್ಪಕ್ಷರದಲ್ಲಿ ನಾಲ್ಕು ಸಾಲು. ನಡುವೆ ಸ್ವಾತಂತ್ರ್ಯ, ಅರ್ಘ್ಯ, ರಾಷ್ಟ್ರೀಯ, ಮಮತೆ ಥರದ ನಲವತ್ತು ತರಲೆ ಪದಗಳು. ಕೆಳಗೆ ಎಂಟು ಪಾಯಿಂಟಿನಲ್ಲಿ ಒಂದು ಸರ್ಕಾರಿ ಅರ್ಜಿ, ತುದಿಗೆ ಮೇಷ್ಟ್ರ ಕೈಬರಹದ ಎರಡು ಸಾಲು. ಫೋನು ಕೊಳ್ಳಲು ಹೋಗುವವರು ಈ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ಚಂದ್ರನನ್ನು ತೋರಿಸಲು ಬಂದರೆ ಬೇಡ ಎನ್ನಿ. ಹಾಳೆ ಹರಡಿ, "ಬೇರೆ ಆ್ಯಪ್ ಹಾಕದೆ ಇದನ್ನು ಓದಿಸಿ ತೋರಿಸಪ್ಪ" ಎಂದು ಕನ್ನಡದಲ್ಲೇ ಕೇಳಿ. ಎಷ್ಟು ಪದ ಸರಿ ಬಂತು, ಯಾವ ಫೋನು, ಯಾವ ತಾರೀಕು ಎಂದು ಹಾಳೆಯ ಹಿಂದೆ ಬರೆದು ಪತ್ರಿಕೆಯ ಕಚೇರಿಗೆ ತಲುಪಿಸಿ. ಮೊದಲ ಸಾವಿರ ಹಾಳೆ ಈ ಸಂಚಿಕೆಯ ಜತೆಗೇ ಇದೆ, ದುಡ್ಡು ಕೊಡಬೇಕಾಗಿಲ್ಲ.