ಹಸಿರು ಫಲಕದ ಹಿಂದಿನ ಹಳ್ಳ

ನಮ್ಮ ಕುಟುಂಬಗಳಲ್ಲಿ ನಿವೇಶನ ಕೊಳ್ಳುವ ಮಾತು ಬಂದಾಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಈ ವ್ಯವಹಾರದಲ್ಲಿ ಬಡ್ಡಿಯ ಸೋಂಕು ಇದೆಯೇ? ಏಳಲೇಬೇಕಾದ ಪ್ರಶ್ನೆ ಅದು. ಎಷ್ಟೋ ಮನೆಗಳವರು ಬಡ್ಡಿಗೆ ಅಂಜಿ ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿಯೇ ಉಳಿದಿದ್ದಾರೆ. ಅಲ್ಲಾಹನು ಅವರ ಸಹನೆಗೆ ಪ್ರತಿಫಲ ನೀಡಲಿ. ಆದರೆ ಅದೇ ನಿವೇಶನದ ಕುರಿತು ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಲೇಔಟ್ ಆಗುವ ಮೊದಲು ಇಲ್ಲಿ ಹರಿಯುತ್ತಿದ್ದ ನೀರು ಈಗ ಯಾರ ಮನೆಗೆ ನುಗ್ಗುತ್ತದೆ? ಮೊದಲನೆಯದು ದೀನಿನ ಪ್ರಶ್ನೆ, ಎರಡನೆಯದು ಪುರಸಭೆಯ ಪ್ರಶ್ನೆ ಎಂದು ನಾವೇ ಒಂದು ಗೆರೆ ಎಳೆದುಕೊಂಡಿದ್ದೇವೆ. ಆ ಗೆರೆಯನ್ನು ಶರೀಅತ್ ಎಳೆದಿಲ್ಲ.

ಬೈಲಹೊಂಗಲದ ಸುತ್ತಲಿನ ಎರೆಹೊಲಗಳು, ಕಿತ್ತೂರಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿಗೆ ತಾಗಿದ ಜಮೀನುಗಳು, ಸವದತ್ತಿ ಮತ್ತು ರಾಮದುರ್ಗದ ಅಂಚಿನ ಭೂಮಿಗಳು ಒಂದೊಂದಾಗಿ ಎಕರೆ ಗುಂಟೆಯ ಲೆಕ್ಕದಿಂದ ಚದರಡಿಯ ಲೆಕ್ಕಕ್ಕೆ ಇಳಿಯುತ್ತಿವೆ. ಬಿಳಿಜೋಳ, ಕಡಲೆ, ಹತ್ತಿ ಬೆಳೆದ ಹೊಲ ಬಿನಶೇತ್ಕಿಯಾಗಿ, ಅದರ ನಡುವೆ ಕಲ್ಲು ನೆಟ್ಟು, ಬಾಗಿಲಿಗೊಂದು ಕಮಾನು ಕಟ್ಟಿದರೆ ಲೇಔಟ್ ಸಿದ್ಧ. ಕಮಾನಿನ ಮೇಲಿನ ಹೆಸರಿನಲ್ಲಿ ‘ಗ್ರೀನ್’ ಎಂಬ ಪದ ಇದ್ದರಂತೂ ದರ ಒಂದು ಮೆಟ್ಟಿಲು ಏರುತ್ತದೆ. ಹಸಿರನ್ನು ಕಿತ್ತ ಜಾಗದಲ್ಲಿ ಹಸಿರಿನ ಹೆಸರನ್ನು ನೆಡುವ ಈ ವ್ಯಾಪಾರವನ್ನು ವ್ಯಾಪಾರವೆಂದು ಬಿಟ್ಟುಬಿಡಬಹುದಿತ್ತು. ಆದರೆ ಅದರಲ್ಲಿ ಕೊಳ್ಳುವವರೂ ದಲ್ಲಾಳಿಗಳೂ ಗುತ್ತಿಗೆದಾರರೂ ಗೌಂಡಿಗಳೂ ಆಗಿ ನಮ್ಮವರು ಬಹಳಷ್ಟಿದ್ದಾರೆ. ಹಾಗಾಗಿ ಬಿಡುವಂತಿಲ್ಲ.

‘ಹಸಿರು ಕಟ್ಟಡ’ ಎಂಬ ಮಾತಿಗೆ ಅರ್ಥವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಭಾರತೀಯ ಹಸಿರು ಕಟ್ಟಡ ಮಂಡಳಿ 2001ರಲ್ಲಿ ಹುಟ್ಟಿತು. ‘ಗೃಹ’ ಎಂಬ ನಮ್ಮ ದೇಶದ್ದೇ ಆದ ಮೌಲ್ಯಮಾಪನ ಪದ್ಧತಿ ನಕ್ಷತ್ರಗಳ ಲೆಕ್ಕದಲ್ಲಿ ಅಂಕ ಕೊಡುತ್ತದೆ. ವಿದ್ಯುತ್ ಎಷ್ಟು ಉಳಿಯಿತು, ನೀರು ಎಷ್ಟು ಮರುಬಳಕೆಯಾಯಿತು, ಗಾಳಿ ಬೆಳಕು ಹೇಗೆ ಬರುತ್ತದೆ ಎಂದು ಅಳೆಯುವುದು ಸುಳ್ಳು ವಿದ್ಯೆಯಲ್ಲ. ಆದರೆ ಒಂದು ಕಟ್ಟಡದ ಅಂಕಪಟ್ಟಿ ಇಡೀ ಊರಿನ ಅಂಕಪಟ್ಟಿಯಾಗುವುದಿಲ್ಲ. ಬೆಂಗಳೂರನ್ನೇ ನೋಡಿ. ಮಳೆನೀರು ಕೊಯ್ಲನ್ನು ಅಲ್ಲಿ 2009ರಲ್ಲಿಯೇ ಕಾನೂನಿನಿಂದ ಕಡ್ಡಾಯಗೊಳಿಸಲಾಯಿತು. ಹಸಿರು ಪ್ರಮಾಣಪತ್ರ ಹೊತ್ತ ಗಾಜಿನ ಗೋಪುರಗಳಿಗೂ ಅಲ್ಲಿ ಕೊರತೆಯಿಲ್ಲ. ಆದರೂ 2024ರ ಬೇಸಿಗೆಯಲ್ಲಿ ಆ ನಗರ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿತು. ಕೆರೆ ನುಂಗಿ, ರಾಜಕಾಲುವೆ ಮುಚ್ಚಿ, ಅದರ ಮೇಲೆ ನಿಂತ ಕಟ್ಟಡದ ತಾರಸಿಗೆ ಸೌರಫಲಕ ಹಾಕಿದರೆ ನುಂಗಿದ ಕೆರೆ ಹಿಂದಿರುಗುವುದಿಲ್ಲ. ನಮ್ಮ ತಾಲ್ಲೂಕುಗಳ ಊರುಗಳು ಈಗ ಬೆಂಗಳೂರಿನ ಗುಣವನ್ನು ಬಿಟ್ಟು ಅದರ ರೋಗವನ್ನು ಮೊದಲು ಕಲಿಯುತ್ತಿವೆ.

ನಮಗೆ ಬೆಂಗಳೂರಿನ ಉದಾಹರಣೆಯೂ ಬೇಕಿರಲಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಬೈಲಹೊಂಗಲದ ಸೀಮೆಯನ್ನು ದಾಟಿ, ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟಿನ ಹಿಂದೆ ನಿಂತು, ಅಲ್ಲಿಂದ ಮುನವಳ್ಳಿ, ರಾಮದುರ್ಗಗಳ ಕಡೆಗೆ ಹರಿಯುತ್ತದೆ. ಮೂವತ್ತೇಳು ಟಿಎಂಸಿಗೂ ಮಿಕ್ಕ ನೀರು ಹಿಡಿಯುವ ಆ ಜಲಾಶಯ ತುಂಬದ ವರ್ಷಗಳೇ ಹೆಚ್ಚು ಕಂಡ ನಮ್ಮ ಜನ ನದಿಯ ಅಗಲವನ್ನೇ ಮರೆತರು. ಪಾತ್ರವನ್ನು ಎರಡೂ ದಡದಿಂದ ಒತ್ತುತ್ತ ಬರಲಾಯಿತು. 2019ರ ಆಗಸ್ಟಿನಲ್ಲಿ ಜಲಾಶಯ ತುಂಬಿ ಗೇಟುಗಳು ತೆರೆದಾಗ ನದಿ ತನ್ನ ಅಗಲವನ್ನು ತಾನೇ ಅಳೆದು ತೋರಿಸಿತು. ಮುನವಳ್ಳಿಗೆ ನೀರು ನುಗ್ಗಿತು. ರಾಮದುರ್ಗದ ತಗ್ಗಿನ ಓಣಿಗಳು ಮುಳುಗಿದವು. ನೇಕಾರರ ಮಗ್ಗಗಳು, ನೂಲು, ನೇಯ್ದಿಟ್ಟ ಸೀರೆಗಳು ನೀರುಪಾಲಾದವು. ಅದನ್ನು ನಾವು ತಕ್ದೀರ್ ಎಂದೆವು. ಮಳೆ ಅಲ್ಲಾಹನ ಆಜ್ಞೆ, ಅದರಲ್ಲಿ ಸಂದೇಹವಿಲ್ಲ. ಆದರೆ ಹಳ್ಳಕ್ಕೆ ಮಣ್ಣು ತುಂಬಿಸಿ ನಿವೇಶನ ಸಂಖ್ಯೆ ಬರೆದದ್ದು ಯಾರ ಆಜ್ಞೆ? ನೆಲದಲ್ಲಿಯೂ ಕಡಲಲ್ಲಿಯೂ ಕಾಣಿಸಿಕೊಂಡ ಕ್ಷೋಭೆ ಮನುಷ್ಯರ ಕೈಗಳ ಗಳಿಕೆಯೆಂದು ಕುರ್‌ಆನ್ ಅರ್ರೂಮ್ ಅಧ್ಯಾಯದಲ್ಲಿ ಎಚ್ಚರಿಸಿರುವಾಗ, ನಮ್ಮ ಕೈಗಳ ಲೆಕ್ಕವನ್ನು ತಕ್ದೀರಿನ ಖಾತೆಗೆ ಬರೆಯುವ ಅಧಿಕಾರ ನಮಗೆ ಯಾರು ಕೊಟ್ಟರು?

ಇಲ್ಲಿ ಫಿಕ್‌ಹ್‌ನ ಒಂದು ಮಾತನ್ನು ನೆನಪಿಸಬೇಕು. ಜುಮಾ ಪ್ರವಚನಗಳಲ್ಲಿ ಇದು ಏಕೋ ಕೇಳಿಬರುವುದಿಲ್ಲ. ನಮ್ಮ ಇಮಾಮರು ನೀರು ಹರಿದುಹೋಗುವ ದಾರಿಯನ್ನು ಒಂದು ಹಕ್ಕು ಎಂದೇ ಗುರುತಿಸಿದರು. ಹನಫೀ ಗ್ರಂಥಗಳಲ್ಲಿ ಅದಕ್ಕೆ ‘ಹಕ್ಕುಲ್ ಮಸೀಲ್’ ಎಂಬ ಹೆಸರೇ ಇದೆ. ಮೇಲಿನವನ ಮಳೆನೀರು ಪೂರ್ವದಿಂದ ಕೆಳಗಿನವನ ಜಮೀನಿನ ಮೂಲಕ ಹರಿಯುತ್ತಿದ್ದರೆ ಕೆಳಗಿನವನು ಅದನ್ನು ಮನಬಂದಂತೆ ಕಟ್ಟಿಹಾಕುವಂತಿಲ್ಲ. ಬಾವಿಯ ಸುತ್ತ, ಹರಿಯುವ ನೀರಿನ ದಡದಲ್ಲಿ ಯಾರೂ ಮುಟ್ಟಬಾರದ ಅಂಚೊಂದಿದೆ, ಅದು ‘ಹರೀಮ್’. ಅದರ ಅಳತೆಯ ಬಗ್ಗೆ, ನದಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ; ಇನ್ನೊಬ್ಬರಿಗೆ ಹಾನಿ ಮಾಡುವಂತಿಲ್ಲ ಎಂಬ ಮೂಲ ನಿಯಮದಲ್ಲಿ ಇಲ್ಲ. ಇಂದು ಪರಿಸರ ತಜ್ಞರು ‘ಬಫರ್ ವಲಯ’ ಎಂದು ಹೊಸದಾಗಿ ಹೇಳುತ್ತಿರುವುದರ ಬೇರು ನಮ್ಮ ಮದ್ರಸಗಳ ಕಪಾಟಿನಲ್ಲಿಯೇ ಧೂಳು ತಿನ್ನುತ್ತಿದೆ.

ಇನ್ನು ದಲ್ಲಾಳಿಗಳ ಮಾತು. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ಕಾಳು ಒದ್ದೆಯಾಗಿರುವುದನ್ನು ಕಂಡು ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಆ ರಾಶಿಯನ್ನು ತೋಯಿಸಿದ್ದು ಮಳೆಯೇ; ವ್ಯಾಪಾರಿಯ ಸಮರ್ಥನೆಯೂ ಅದೇ ಆಗಿತ್ತು. ಆದರೆ ತೋಯ್ದದ್ದನ್ನು ಮೇಲೆ ಇಡದೆ ಅಡಗಿಸಿದ್ದು ವಂಚನೆಯಾಯಿತು. ಬೇಸಿಗೆಯಲ್ಲಿ ಒಣಗಿದ ಹಳ್ಳವನ್ನು ಸಮ ಮಾಡಿ, ಉತಾರ ತೋರಿಸಿ, ‘ಎನ್‌ಎ ಆಗಿದೆ, ಕಾಗದ ಎಲ್ಲ ಸರಿಯಿದೆ’ ಎಂದು ಮಾರುವುದು ಆ ರಾಶಿಗಿಂತ ಹೇಗೆ ಭಿನ್ನ? ಕಾಗದ ಸರಿಯಿರಬಹುದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಲೇಔಟಿನಲ್ಲಿ ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ಜಾಗ ಬಿಡಲೇಬೇಕು. ಕಾಗದದಲ್ಲಿ ಬಿಟ್ಟದ್ದೂ ಉಂಟು. ಕಾಗದದ ಉದ್ಯಾನದಲ್ಲಿ ಮಕ್ಕಳು ಆಡಲಾರರು. ಇನ್ನೊಬ್ಬರ ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುತ್ತದೆಂಬ ಎಚ್ಚರಿಕೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸಾರ್ವಜನಿಕ ಉದ್ಯಾನವಾಗಬೇಕಾಗಿದ್ದ ಜಾಗ ಒಬ್ಬರದ್ದಲ್ಲ, ನೂರಾರು ಜನರದ್ದು. ಕ್ಷಮೆ ಕೇಳಬೇಕೆಂದರೂ ಯಾರ ಮನೆಬಾಗಿಲಿಗೆ ಹೋಗುವುದು?

‘ಬಡವರಿಗೆ ಅಗ್ಗದ ನಿವೇಶನ ಬೇಡವೇ?’ ಎಂದು ಕೇಳುವವರಿದ್ದಾರೆ. ಇದು ಗಟ್ಟಿಯಾದ ಪ್ರಶ್ನೆ, ಹಗುರವಾಗಿ ತಳ್ಳಿಹಾಕಲಾಗದು. ಹಳೆಯ ಓಣಿಗಳಲ್ಲಿ ಮೂರು ಸಂಸಾರ ಒಂದೇ ಸೂರಿನಡಿ ಬದುಕುತ್ತಿರುವುದು ನಮಗೆ ಗೊತ್ತು. ಬಾಡಿಗೆಗೆ ಮನೆ ಕೇಳಲು ಹೋದಾಗ ಹೆಸರು ಕೇಳಿ ಬಾಗಿಲು ಮುಚ್ಚುವುದೂ ಗೊತ್ತು. ಆದರೆ ತಗ್ಗಿನ ಜಾಗ ಅಗ್ಗವಾಗಿರುವುದು ಮಾರುವವರ ಔದಾರ್ಯದಿಂದಲ್ಲ. ಉಳ್ಳವರು ಅದನ್ನು ಮುಟ್ಟುವುದಿಲ್ಲ, ಅಷ್ಟೆ. ಕೂಲಿಕಾರ, ನೇಕಾರ, ತಳ್ಳುಗಾಡಿಯವ ಜೀವಮಾನದ ಉಳಿತಾಯವನ್ನು ಅಲ್ಲಿ ಸುರಿಯುತ್ತಾನೆ. ಒಂದೇ ಮಳೆಗಾಲ ಅದನ್ನು ಒಯ್ದಾಗ ಉಳಿಯುವುದು ಪರಿಹಾರದ ಅರ್ಜಿ. ಬಡವನ ಹೆಸರು ಹೇಳಿ ಬಡವನನ್ನೇ ನೀರಿಗೆ ನೂಕುವುದಕ್ಕೆ ದಯೆ ಎಂಬ ಹೆಸರು ಸಲ್ಲದು.

ಉಳ್ಳವರ ಮನೆಗಳದ್ದು ಬೇರೆಯೇ ಕಥೆ. ನಮ್ಮ ಸೀಮೆಯ ಹಿರಿಯರು ದಪ್ಪ ಗೋಡೆ, ಜಂತಿ ತೊಲೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಬೆಳಕಿಂಡಿ, ಮುಂದೆ ಪಡಸಾಲೆ ಇಟ್ಟು ಕಟ್ಟಿದರು. ಏಪ್ರಿಲ್ ಬಿಸಿಲಿನಲ್ಲಿಯೂ ಆ ಮಾಳಿಗೆಯ ಕೆಳಗೆ ಚಾಪೆ ಹಾಸಿ ಮಲಗಬಹುದಿತ್ತು. ಈಗ ನಾಲ್ಕೈದು ಇಂಚಿನ ಕಾಂಕ್ರೀಟ್ ಸ್ಲ್ಯಾಬಿನ ಕೆಳಗೆ ಹಗಲಿಡೀ ಕಾದು, ರಾತ್ರಿ ಎಸಿ ಹಾಕಿಕೊಂಡು, ಅದಕ್ಕೆ ಪ್ರಗತಿ ಎನ್ನುತ್ತೇವೆ. ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ನೆಲ. ಅಂಗಳಕ್ಕೆಲ್ಲ ಸಿಮೆಂಟು ಬಳಿದು ನೀರಿಂಗಲು ಒಂದು ಚಪ್ಪಡಿಯಷ್ಟೂ ಜಾಗ ಬಿಡದವನು ತನ್ನ ನೀರನ್ನೆಲ್ಲ ನೆರೆಯವನ ತಳಪಾಯಕ್ಕೆ ಕಳಿಸುತ್ತಾನೆ. ಹಳೆಯದಕ್ಕೇ ಮರಳಿ ಎಂಬ ಹಟ ನಮ್ಮದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಸ್ವಲ್ಪವೇ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಭಟ್ಟಿಯಲ್ಲಿ ಸುಡದ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದಿತು. ಬರೀ ಎರೆಮಣ್ಣು ಅದಕ್ಕೆ ಒಗ್ಗದು. ಮಸಾರಿ ಮಣ್ಣು, ಮರಳು ಬೇಕು. ಅದೂ ಆಗದಿದ್ದರೆ ತಾರಸಿಗೆ ಬಿಳಿ ಸುಣ್ಣ ಬಳಿಯುವುದಕ್ಕೆ ಏನು ಅಡ್ಡಿ?

ಎತ್ತರವಾದ ಗುಮ್ಮಟವೊಂದನ್ನು ಕಟ್ಟಿಸಿದ ಅನ್ಸಾರಿ ಸಹಾಬಿಯಿಂದ ಪ್ರವಾದಿ(ಸ)ರು ಮುಖ ತಿರುಗಿಸಿದರೆಂದೂ, ಆತ ಅದನ್ನು ಕೆಡವಿಸಿದ ಮೇಲೆ, ಅಗತ್ಯಕ್ಕೆ ಮೀರಿದ ಕಟ್ಟಡ ಒಡೆಯನಿಗೆ ಹೊರೆಯೆಂದು ತಿಳಿಸಿದರೆಂದೂ ಅಬೂದಾವೂದ್ ವರದಿ ಮಾಡಿದ್ದಾರೆ. ಎತ್ತರದ ನೆಲೆಗಳಲ್ಲೆಲ್ಲ ವ್ಯರ್ಥ ಸ್ಮಾರಕ ಕಟ್ಟುತ್ತ, ತಾವು ಶಾಶ್ವತರೆಂಬಂತೆ ಭವ್ಯ ನಿವಾಸಗಳನ್ನು ನಿರ್ಮಿಸುತ್ತಿದ್ದ ಆದ್ ಜನಾಂಗವನ್ನು ಹ. ಹೂದ್(ಅ)ರು ಪ್ರಶ್ನಿಸಿದ ವೃತ್ತಾಂತವನ್ನು ನಾವು ಓದುತ್ತಲೇ ಇರುತ್ತೇವೆ, ಆದ್ ಎಂದರೆ ಬೇರೆ ಯಾರೋ ಎಂಬ ನೆಮ್ಮದಿಯಲ್ಲಿ.

ಮಸೀದಿಗಳನ್ನೂ ಬಿಡುವಂತಿಲ್ಲ. ಮದೀನದಲ್ಲಿ ಪ್ರವಾದಿ(ಸ)ರು ಕಟ್ಟಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಗರಿಯ ಚಾವಣಿ. ನಾವು ಚಂದಾ ಎತ್ತಿ ಮಿನಾರವನ್ನು ಎರಡು ಅಡಿ ಏರಿಸುತ್ತೇವೆ. ವುಝೂವಿನ ನೀರು ಮಾತ್ರ ನೇರ ಗಟಾರಕ್ಕೆ. ಹರಿಯುವ ಹೊಳೆಯ ದಂಡೆಯಲ್ಲಿಯೂ ನೀರು ಪೋಲು ಮಾಡಬಾರದೆಂಬ ಹದೀಸ್‌ನ ಸನದಿನ ಬಗ್ಗೆ ವಿದ್ವಾಂಸರಲ್ಲಿ ಮಾತಿದೆ ಎಂದು ತಕರಾರು ತೆಗೆಯುವವರಿದ್ದಾರೆ. ಇರಲಿ, ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂಬ ಹದೀಸ್ ಬುಖಾರಿ, ಮುಸ್ಲಿಮ್‌ಗಳದ್ದು. ಒಂದು ಮುದ್ದ್ ಎಂದರೆ ಸುಮಾರು ಮುಕ್ಕಾಲು ಲೀಟರ್. ನಲ್ಲಿ ಬಿಟ್ಟುಕೊಂಡು ಒಬ್ಬೊಬ್ಬರು ಐದು ಲೀಟರ್ ಹರಿಸಿದರೆ, ಮುನ್ನೂರು ಜನರ ಒಂದು ಜುಮಾಕ್ಕೆ ಒಂದೂವರೆ ಸಾವಿರ ಲೀಟರ್. ಸಾಬೂನಿಲ್ಲದ ಆ ನೀರನ್ನು ಇಂಗುಗುಂಡಿಗೂ ನಾಲ್ಕು ಬೇವಿನ ಸಸಿಗೂ ತಿರುಗಿಸಲು ಒಂದು ಪೈಪು ಸಾಕು. ಇನ್ನು ಮೂವತ್ತು-ನಲವತ್ತರ ತಾರಸಿಯ ಮೇಲೆ ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಬಿದ್ದರೂ ಐವತ್ತು ಸಾವಿರ ಲೀಟರಿಗೆ ಮಿಕ್ಕಿ ನೀರು. ಮಸೀದಿಯ ತಾರಸಿ ಅದಕ್ಕಿಂತ ಎಷ್ಟು ದೊಡ್ಡದೆಂದು ಆಯಾ ಜಮಾಅತಿನವರೇ ಅಳೆಯಲಿ.

ನೆರೆಯ ವಿಜಯಪುರಕ್ಕೆ ಮಕ್ಕಳನ್ನು ಕರೆದೊಯ್ದು ಗೋಳಗುಮ್ಮಟ ತೋರಿಸುತ್ತೇವೆ, ನಮ್ಮವರು ಕಟ್ಟಿದ್ದೆಂದು ಬೀಗುತ್ತೇವೆ. ಅದೇ ಆದಿಲ್‌ಶಾಹಿಗಳು 1620ರಲ್ಲಿ ತಾಜ್ ಬಾವಡಿ ಕಟ್ಟಿಸಿದ್ದು, ತೊರವಿಯಿಂದ ನೆಲದಡಿಯ ಸುರಂಗದಲ್ಲಿ ಊರಿಗೆ ನೀರು ತಂದದ್ದು ನಮ್ಮ ಹೆಮ್ಮೆಯ ಪಟ್ಟಿಯಲ್ಲಿಲ್ಲ. ಮದೀನದಲ್ಲಿ ರೂಮಾ ಬಾವಿಯನ್ನು ಕೊಂಡು ಸಕಲರಿಗೂ ಬಿಟ್ಟುಕೊಟ್ಟ ಹ. ಉಸ್ಮಾನ್(ರ)ರ ಸದಕ ಜಾರಿಯವನ್ನು ಹೊಗಳುವ ನಾವು, ನಮ್ಮ ವಕ್ಫ್ ಜಾಗಗಳಲ್ಲಿನ ಹಾಳುಬಾವಿಗಳ ಹೂಳೆತ್ತುವ ಬದಲು ಅವುಗಳ ಮೇಲೆ ಅಂಗಡಿ ಮಳಿಗೆಯ ಲೆಕ್ಕ ಹಾಕುತ್ತೇವೆ.

‘ಇದು ಸರಕಾರದ ಕೆಲಸ’ ಎಂಬ ಕೊನೆಯ ನೆಪವೊಂದು ಉಳಿಯಿತು. ಸರಕಾರದ ಹೊಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ನಾಲಾಗಳ ಗೆರೆಗಳು ಎಲ್ಲರಿಗೂ ಕಾಣುವಂತೆ ಇವೆ. ಅವನ್ನು ನೋಡಲು ಯಾವ ಅಧಿಕಾರಿಯ ಅಪ್ಪಣೆಯೂ ಬೇಕಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜಮಾಅತುಗಳು ತಮ್ಮ ಊರಿನ ನಕ್ಷೆಯನ್ನು ತರಿಸಿ ಮಸೀದಿಯ ಗೋಡೆಗೆ ಹಚ್ಚಲಿ. ನಿವೇಶನ ಕೊಳ್ಳುವವರು ಇಸಾರಿನ ಹಣ ಕೊಡುವ ಮೊದಲು ದಲ್ಲಾಳಿಯನ್ನು ಅದರ ಮುಂದೆ ಕರೆತಂದು ನಿಲ್ಲಿಸಲಿ. ಹಳ್ಳ ಎಲ್ಲಿದೆ, ನಿವೇಶನ ಎಲ್ಲಿದೆ ಎಂದು ಆತನೇ ಬೆರಳಿಟ್ಟು ತೋರಿಸಲಿ.