ಗಂಗಾಮೂಲದ ಮಗಳು

ಹೆಣ್ಣುಮಕ್ಕಳನ್ನು ಓದಿಸುವುದು ‘ನಮ್ಮ ಸಂಸ್ಕೃತಿ’ ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಪರ್ತ್ ಇರಲಿ, ಅಡಿಲೇಡ್ ಇರಲಿ, ಬ್ರಿಸ್ಬೇನ್ ಇರಲಿ, ನಮ್ಮವರ ಸಮಾರಂಭಗಳಲ್ಲಿ ಇದಕ್ಕೆ ಚಪ್ಪಾಳೆ ಗ್ಯಾರಂಟಿ. ಅಲ್ಲ ಸ್ವಾಮಿ, ಸಂಸ್ಕೃತಿ ಅಷ್ಟು ಉದಾರವಾಗಿದ್ದರೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾಡು ಸೇರಿದ್ದೇಕೆ?

ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಅವರ ಅಪರಾಧ. ಅದಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆಗೆ ಉತ್ತರ ಕೊಡಬೇಕಾಯಿತು. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಬೆಟ್ಟದಲ್ಲಿ ಮನೆ ಕಟ್ಟಿಕೊಂಡರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ. ಅಮ್ಮನಿಂದಲೇ ಸಂಸ್ಕೃತ ಕಲಿತವರು. 1882ರಲ್ಲಿ ಹಂಟರ್ ಆಯೋಗದ ಮುಂದೆ ನಿಂತು, ಹುಡುಗಿಯರಿಗೆ ಶಿಕ್ಷಕಿಯರು ಬೇಕು, ಹೆಂಗಸರು ವೈದ್ಯರಾಗಬೇಕು ಎಂದರು. ಓದಿದ ಗಂಡಸರಲ್ಲೇ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸ್ತ್ರೀಶಿಕ್ಷಣಕ್ಕೆ ವಿರೋಧಿಗಳು ಎಂದೂ ಹೇಳಿದರು. ಓದದವರಲ್ಲ, ಗಮನಿಸಿ.

ನಾವು ಸಾಗರ ದಾಟಿದ್ದೇವೆಂದು ಬೀಗುತ್ತೇವೆ, ಕೈಯಲ್ಲಿ ವೀಸಾ, ಕೆಲಸದ ಪತ್ರ ಹಿಡಿದು. ಅವರು 1883ರಲ್ಲಿ ವಿಧವೆಯಾಗಿ, ಪುಟ್ಟ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟರು. ಅಲ್ಲಿ ಕ್ರೈಸ್ತರಾದರು. ನಮ್ಮ ಕೃತಜ್ಞತೆ ಅಲ್ಲಿಗೇ ಮುಗಿಯುತ್ತದೆ. ‘ಮತ ಬಿಟ್ಟವಳು’ ಎನ್ನುತ್ತಾರೆ. ಅದು ಸಾಲದಿದ್ದರೆ ‘ಮರಾಠಿಯವಳು’ ಎನ್ನುತ್ತಾರೆ.

1889ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಶಾರದಾ ಸದನದಲ್ಲಿ ಕೆಲವು ಹುಡುಗಿಯರು ಮತಾಂತರಗೊಂಡದ್ದು ನಿಜ, ಪಾಲಕರು ಸಿಟ್ಟಾದದ್ದೂ ನಿಜ. ಆದರೆ ಅಲ್ಲಿನ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಹಿಂದೂವಾಗಿಯೇ ಉಳಿದರು. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಆ ಕರ್ವೆಯವರೇ 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯ ಸ್ಥಾಪಿಸಿದ್ದು. ರಮಾಬಾಯಿಯ ಹೆಸರು ಅಳಿಸಿಬಿಟ್ಟರೆ ಈ ಸಾಲೇ ಅರ್ಧಕ್ಕೆ ತುಂಡಾಗುತ್ತದೆ.

ಹಳೆಯ ಕಥೆ ಎನ್ನಬೇಡಿ. ಸ್ವಾನ್ ವ್ಯಾಲಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ನನ್ನ ಮನೆ. ನನ್ನ ಗೆಳತಿಯೊಬ್ಬಳು ಊರಿನಲ್ಲಿ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದವಳು. ಗಂಡನ ಕೆಲಸದ ಹಿಂದೆ ಬಂದು ಏಳು ವರ್ಷವಾಯಿತು. ಅವಳ ಪದವಿಪತ್ರ ಇನ್ನೂ ಸೂಟ್‌ಕೇಸಿನಲ್ಲಿದೆ. ಮತ್ತೆ ಓದುತ್ತೇನೆ, ಕೆಲಸ ಹುಡುಕುತ್ತೇನೆ ಎಂದಾಗಲೆಲ್ಲ ‘ಮಕ್ಕಳನ್ನು ಯಾರು ನೋಡ್ಕೋತಾರೆ? ನಿನಗೇನು ಕಮ್ಮಿಯಾಗಿದೆ?’ ಎಂಬ ಪ್ರಶ್ನೆ. ಕೇಳುವವರು ಓದಿದ ಗಂಡಸರೇ. ಮದುವೆಗೆ ಮುಂಚೆ ಹುಡುಗಿಯ ಮಾರ್ಕ್ಸ್ ಎಷ್ಟು ಎಂದು ವಿಚಾರಿಸಿದವರೂ ಅವರೇ! ಓದು ಜಾತಕಕ್ಕೆ ಬೇಕು, ಆಮೇಲೆ ಬೇಡ.

ಮುಂದಿನ ನವೆಂಬರಿನಲ್ಲಿ ರಾಜ್ಯೋತ್ಸವದ ವೇದಿಕೆಯ ಮೇಲೆ ಭುವನೇಶ್ವರಿಯ ಪಕ್ಕ ಗಂಗಾಮೂಲದ ಈ ಮಗಳ ಚಿತ್ರವನ್ನೂ ಇಡಿ ಎಂದು ಕೇಳುತ್ತೇನೆ. ಇಟ್ಟ ಮೇಲೆ ನನ್ನ ಗೆಳತಿಯನ್ನು ಮೈಕಿನ ಮುಂದೆ ಕರೆಯಿರಿ. ಅವತ್ತು ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ನೋಡಿಕೊಳ್ಳಲು ನಾಲ್ಕು ಜನ ಗಂಡಸರು ಸಿಕ್ಕಾರು.