ಪುಸ್ತಕಗಳ ಸೆರೆವಾಸ

ಪರರ ಕೈಸೇರಿದ ಪುಸ್ತಕವು ಹೋಯಿತೆಂದೇ ತಿಳಿಯತಕ್ಕದ್ದು, ದೈವವಶಾತ್ ಮರಳಿದರೂ ಹರಿದು ಜೀರ್ಣವಾಗಿ ಮರಳುವುದು ಎಂಬರ್ಥದ ಸಂಸ್ಕೃತ ಸುಭಾಷಿತವೊಂದು ನಮ್ಮಲ್ಲಿ ಬಹುಕಾಲದಿಂದ ರೂಢವಾಗಿರುವುದು. ಪಾಠಶಾಲೆಗಳಲ್ಲಿ ಓದಿದವರೆಲ್ಲರೂ ಅದನ್ನು ಬಾಯಿಪಾಠ ಮಾಡಿದವರೇ. ಒಂದು ಗ್ರಂಥದ ಪ್ರತಿಗಾಗಿ ಲಿಪಿಕಾರನು ತಿಂಗಳುಗಟ್ಟಲೆ ಬೆನ್ನು ಬಾಗಿಸಿ ಓಲೆಗರಿಯನ್ನು ಕೊರೆಯುತ್ತ ಕುಳಿತಿರಬೇಕಾಗಿದ್ದ ಕಾಲದಲ್ಲಿ ಆ ಮಾತಿಗೆ ಅರ್ಥವಿದ್ದಿತು. ಆದರೆ ಓಲೆಗರಿಯ ಆ ಕಾಲದಲ್ಲಿಯೇ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ಕನ್ನಡಿಗರಾದ ನಾವು ಮರೆಯಲಾಗದು. ಆಕೆಯು ಪುಸ್ತಕವನ್ನು ಕಾವಲಿಟ್ಟು ಉಳಿಸಲಿಲ್ಲ, ಹಂಚಿ ಉಳಿಸಿದಳು. ಅಚ್ಚಿನ ಯಂತ್ರವೂ ಗಣಕಯಂತ್ರವೂ ಕೈಗೆಟುಕಿರುವ ಇಂದು ನಮ್ಮ ಸಾರ್ವಜನಿಕ ಗ್ರಂಥಾಲಯಗಳು ಅತ್ತಿಮಬ್ಬೆಯ ಮಾರ್ಗವನ್ನು ಬಿಟ್ಟು ಆ ಸುಭಾಷಿತವನ್ನೇ ಏತಕ್ಕಾಗಿ ಹಿಡಿದುಕೊಂಡಿರಬೇಕು?

ನನ್ನ ಪ್ರತಿಜ್ಞೆಯು ಇಷ್ಟೇ. ಜನರ ತೆರಿಗೆಯಿಂದ ಕೊಂಡ ಪುಸ್ತಕವು ಜಿಲ್ಲೆಯ ಯಾವ ಶಾಖೆಯ ಕಪಾಟಿನಲ್ಲಿಯೇ ಇರಲಿ, ಆ ಜಿಲ್ಲೆಯ ಯಾವ ಓದುಗನಿಗಾದರೂ ತನ್ನ ಮನೆಗೆ ಸಮೀಪವಾದ ಶಾಖೆಯಲ್ಲಿ ದೊರೆಯಬೇಕು. ಓದಿಯಾದ ಮೇಲೆ ಯಾವ ಶಾಖೆಯಲ್ಲಾದರೂ ಅದನ್ನು ಒಪ್ಪಿಸುವಂತಿರಬೇಕು. ಒಂದೇ ಸದಸ್ಯತ್ವ, ಒಂದೇ ನಿಯಮ.

ಇದು ಹೊಸದಾದ ಬೇಡಿಕೆಯೇನೂ ಅಲ್ಲ. 1965ರಲ್ಲಿ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಹುಟ್ಟಿದ್ದೇ ಚದುರಿದ್ದ ಪುಸ್ತಕಭಂಡಾರಗಳನ್ನು ಒಂದು ವ್ಯವಸ್ಥೆಗೆ ತರುವುದಕ್ಕಾಗಿ. ಅದರ ನಿರ್ವಾಹಕ್ಕೆಂದು ಮನೆಕಂದಾಯದ ಮೇಲೆ ಗ್ರಂಥಾಲಯಕರವನ್ನೂ ವಿಧಿಸಲಾಯಿತು. ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರು 1957ರಿಂದ 1972ರಲ್ಲಿ ಕಾಲವಾಗುವವರೆಗೂ ಬೆಂಗಳೂರಿನಲ್ಲಿಯೇ ನೆಲೆಸಿದ್ದರು. ಪುಸ್ತಕವಿರುವುದು ಉಪಯೋಗಕ್ಕಾಗಿ, ಓದುಗನ ಕಾಲವನ್ನು ವ್ಯರ್ಥಮಾಡಬಾರದು ಎಂಬ ತತ್ತ್ವಗಳನ್ನು ಅವರು 1931ರಷ್ಟು ಹಿಂದೆಯೇ ಸೂತ್ರರೂಪವಾಗಿ ಪ್ರತಿಪಾದಿಸಿದ್ದರು. ಸೂತ್ರಕಾರರು ನಮ್ಮ ನಡುವೆಯೇ ಇದ್ದರು; ಸೂತ್ರಗಳು ಮಾತ್ರ ನಮ್ಮ ಕಪಾಟಿನ ಬೀಗವನ್ನು ತೆರೆಯಲಿಲ್ಲ.

2019ರಲ್ಲಿ ರಾಜ್ಯದ 5,600ಕ್ಕೂ ಮೇಲ್ಪಟ್ಟ ಗ್ರಾಮಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಹಳ್ಳಿಯ ಗ್ರಂಥಾಲಯಗಳಿಗೆ ಅದರಿಂದ ಹೊಸ ಚೈತನ್ಯವು ಬಂದುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡ ಸಂಗ್ರಹವು ಪಟ್ಟಣದಲ್ಲಿ ಒಂದು ಇಲಾಖೆಯ ವಶದಲ್ಲಿಯೂ, ಹಳ್ಳಿಯ ಓದುಗನು ಇನ್ನೊಂದು ಇಲಾಖೆಯ ಪಾಲಿನಲ್ಲಿಯೂ ಉಳಿದರು. ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಗೋಡೆ ಬೀಳುವುದುಂಟು. ಬಾವಿಗೆ ಯಾರೂ ಗೋಡೆ ಹಾಕುವುದಿಲ್ಲ.

ಇದರ ಫಲವನ್ನು ಒಂದು ಉದಾಹರಣೆಯಿಂದ ತಿಳಿಸುತ್ತೇನೆ. ನನ್ನ ಹಳೆಯ ಶಿಷ್ಯೆಯೊಬ್ಬಳು ಕನ್ನಡ ಎಂ.ಎ. ಪರೀಕ್ಷೆಗೆ ಮನೆಯಲ್ಲಿಯೇ ಓದುತ್ತಿದ್ದಳು. ಆಕೆಗೆ ಕೇಶಿರಾಜನ ಶಬ್ದಮಣಿದರ್ಪಣವು ಬೇಕಾಗಿದ್ದಿತು. ಅದು ಹಳ್ಳಿಯ ಗ್ರಂಥಾಲಯದಲ್ಲಿ ಇರಲಿಲ್ಲ. ಪಟ್ಟಣದ ಶಾಖೆಯೊಂದರಲ್ಲಿ ಇದ್ದಿತು. ಆದರೆ ನೀನು ಈ ಊರಿನವಳಲ್ಲ, ನಿನ್ನ ಹಳ್ಳಿಯ ಗ್ರಂಥಾಲಯವು ನಮಗೆ ಸೇರಿದುದಲ್ಲ, ಬೇಕಾದರೆ ಇಲ್ಲಿಯೇ ಕುಳಿತು ಓದು ಎಂಬ ಉತ್ತರವು ಬಂದಿತು. ಆಕೆಯು ನಾಲ್ಕು ದಿನ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚನ್ನು ಹೊತ್ತು, ಅಲ್ಲಿ ಕುಳಿತು ಸೂತ್ರಗಳನ್ನು ಬರೆದುಕೊಂಡಳು. ಆ ಪುಸ್ತಕದ ಕೊನೆಯಲ್ಲಿ ಅಂಟಿಸಿದ್ದ ತಾರೀಖಿನ ಚೀಟಿಯ ಮೇಲೆ ಒಂದು ಮೊಹರೂ ಬಿದ್ದಿರಲಿಲ್ಲವಂತೆ! ಕೇಳಿದವಳಿಗೆ ಕೊಡಲಿಲ್ಲ, ಕೊಡಬಹುದಾದವರು ಕೇಳಲಿಲ್ಲ.

ಈ ಸ್ಥಿತಿಗೆ ಕಾರಣವು ಯಾರ ದುರ್ಬುದ್ಧಿಯೂ ಅಲ್ಲ, ಹಳೆಯ ಪದ್ಧತಿಯ ಮಿತಿಯೆಂಬುದನ್ನು ನ್ಯಾಯವಾಗಿ ಹೇಳಬೇಕು. ನಮ್ಮವರು ಬಹುಕಾಲ ಅನುಸರಿಸಿದ್ದು ಬ್ರೌನ್ ಪದ್ಧತಿಯನ್ನು. ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು. ಪ್ರತಿ ಸದಸ್ಯನಿಗೂ ಆತನು ಪಡೆಯಬಹುದಾದ ಪುಸ್ತಕಗಳ ಸಂಖ್ಯೆಗೆ ಸರಿಯಾಗಿ ಲಕೋಟೆಯಂತಹ ಚೀಟಿಗಳು. ಪುಸ್ತಕವನ್ನು ಒಯ್ಯುವಾಗ ಅದರ ಕಾರ್ಡನ್ನು ಸದಸ್ಯನ ಚೀಟಿಯೊಳಕ್ಕೆ ಸೇರಿಸಿ, ಹಿಂದಿರುಗಿಸುವ ತಾರೀಖಿನ ಕ್ರಮದಲ್ಲಿ ಮರದ ತಟ್ಟೆಯೊಂದರಲ್ಲಿ ನಿಲ್ಲಿಸುವರು. ಪುಸ್ತಕವು ಮರಳಿದಾಗ ಕಾರ್ಡು ಪುಸ್ತಕಕ್ಕೆ, ಚೀಟಿಯು ಸದಸ್ಯನಿಗೆ. ಸರಳವೂ ಸುಂದರವೂ ಆದ ಕ್ರಮ. ಆದರೆ ಆ ತಟ್ಟೆಯಿರುವ ಮೇಜಿಗೇ ಪುಸ್ತಕವು ಮರಳಬೇಕು. ಬೇರೆಡೆಯಲ್ಲಿ ಒಪ್ಪಿಸಿದರೆ ಅದರ ಜೋಡಿ ಸಿಕ್ಕದು.

ಇಂದು ಆ ನಿರ್ಬಂಧವು ಉಳಿದಿಲ್ಲ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸೀಮೆಯ ಗ್ರಂಥಾಲಯದವರು 2000ದಲ್ಲಿ ಬಳಕೆಗೆ ತಂದು ಲೋಕಕ್ಕೆ ಉಚಿತವಾಗಿ ಬಿಟ್ಟ ಕೋಹಾ ಎಂಬ ತಂತ್ರಾಂಶವಿರುವುದು. ಮಾವೋರಿ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆಯೆಂದರ್ಥ. ನಮ್ಮ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರವು ಸಿದ್ಧಪಡಿಸಿದ ಇ-ಗ್ರಂಥಾಲಯವೂ ಇರುವುದು. ಪುಸ್ತಕದ ಒಡೆತನವು ಯಾವ ಶಾಖೆಯದು, ಅದು ಸದ್ಯಕ್ಕೆ ಎಲ್ಲಿರುವುದು, ಯಾರ ಕೈಯಲ್ಲಿರುವುದು, ಅದಕ್ಕಾಗಿ ಕಾದಿರುವವರು ಯಾರೆಂಬುದನ್ನೆಲ್ಲ ಕೋಹಾದಂತಹ ತಂತ್ರಾಂಶವು ಕ್ಷಣದಲ್ಲಿ ಹೇಳಬಲ್ಲುದು. ಒಂದು ಶಾಖೆಯಿಂದ ಇನ್ನೊಂದಕ್ಕೆ ದಾರಿಯಲ್ಲಿರುವ ಪುಸ್ತಕಕ್ಕೂ ಅದರಲ್ಲಿ ಲೆಕ್ಕವುಂಟು. ಮರದ ತಟ್ಟೆಯು ಹೋಗಿಯೂ ಮರದ ತಟ್ಟೆಯ ನಿಯಮವು ಹೋಗದಿದ್ದರೆ ಅದನ್ನು ಏನೆಂದು ಕರೆಯೋಣ?

ಇನ್ನು ಪೂರ್ವಪಕ್ಷಗಳನ್ನು ಪರಿಶೀಲಿಸೋಣ.

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ಊರೂರಿಗೆ ಕಳುಹಿಸಿದರೆ ಪುಸ್ತಕಗಳು ನಷ್ಟವಾಗುವುವು, ಅದರ ಬೆಲೆಯು ಗ್ರಂಥಪಾಲಕನ ಸಂಬಳಕ್ಕೆ ಬೀಳುವುದು ಎಂಬುದು ಮೊದಲನೆಯ ಆಕ್ಷೇಪ. ಗ್ರಂಥಪಾಲಕನ ಭಯವು ನಿಜವಾದುದು, ಅದನ್ನು ಹಾಸ್ಯಮಾಡಬಾರದು. ಆದರೆ ಪರಿಹಾರವು ಪುಸ್ತಕಕ್ಕೆ ಬೀಗ ಹಾಕುವುದಲ್ಲ, ಭಯವನ್ನು ತೆಗೆಯುವುದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ನೋಡಿರಿ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶೆಗೆ ಒದಗಿಸಿದ ಪ್ರತಿ 1,000 ಸಂಪುಟಗಳಿಗೆ 5 ಸಂಪುಟಗಳ ನಷ್ಟವನ್ನು, ಅಪ್ರಾಮಾಣಿಕತೆಯೂ ಅಲಕ್ಷ್ಯವೂ ಕಾರಣವಲ್ಲದಿದ್ದರೆ, ಸಹಜವೆಂದು ಅವು ಒಪ್ಪಿರುವುವು. ಇಲ್ಲಿಯ ಸೂಕ್ಷ್ಮವನ್ನು ಗಮನಿಸಬೇಕು. ಲೆಕ್ಕವು ಕಪಾಟಿನಲ್ಲಿರುವ ಪುಸ್ತಕಗಳಿಗಲ್ಲ, ಓದುಗನ ಕೈಗೆ ಹೋದ ಪುಸ್ತಕಗಳಿಗೆ. ಹೆಚ್ಚು ಕೊಟ್ಟವನಿಗೆ ಹೆಚ್ಚು ಕ್ಷಮೆ. ಏನೂ ಕೊಡದವನಿಗೆ ಕಳೆದುಕೊಳ್ಳುವ ಅಧಿಕಾರವೂ ಇಲ್ಲ. ನಮ್ಮ ಪ್ರತಿಯೊಂದು ಶಾಖೆಯಲ್ಲಿಯೂ ಇಂತಹ ನಿಯಮವು ನಿರ್ಭಯವಾಗಿ ಆಚರಣೆಗೆ ಬರಲಿ. ಮೇಲಾಗಿ, ಓದುಗನು ಕಳೆದ ಒಂದು ಪುಸ್ತಕಕ್ಕೆ ವಿಚಾರಣೆ ನಡೆಸುವ ನಾವು ಗೆದ್ದಲು ತಿಂದ ನೂರು ಪುಸ್ತಕಗಳಿಗೆ ಯಾರನ್ನು ವಿಚಾರಿಸಿದ್ದೇವೆ? ಗೆದ್ದಲಿಗೆ ಸದಸ್ಯತ್ವವೂ ಬೇಡ, ಠೇವಣಿಯೂ ಬೇಡ!

ದಂಡದ ಭಯವಿಲ್ಲದಿದ್ದರೆ ಯಾರೂ ಹಿಂದಿರುಗಿಸರೆಂಬುದು ಎರಡನೆಯದು. ಅಮೆರಿಕೆಯ ಚಿಕಾಗೋ ನಗರದ ಗ್ರಂಥಾಲಯಗಳು 2019ರಲ್ಲಿಯೂ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು 2021ರಲ್ಲಿಯೂ ವಿಳಂಬದಂಡವನ್ನು ರದ್ದುಮಾಡಿದವು. ಕಳೆದುಹೋದ ಪುಸ್ತಕದ ಬೆಲೆಯನ್ನು ಮಾತ್ರ ಕೇಳುವ ಕ್ರಮವನ್ನು ಉಳಿಸಿಕೊಂಡವು. ಚಿಕಾಗೋದಲ್ಲಿ ದಂಡವು ಹೋದೊಡನೆ ಬಹುಕಾಲದಿಂದ ಬಾರದಿದ್ದ ಪುಸ್ತಕಗಳು ಮರಳಿ ಬರತೊಡಗಿದವು. ಕಾರಣವು ಸ್ಪಷ್ಟವಾಗಿದೆ. ದಂಡಕ್ಕೆ ಹೆದರುವವನು ಪುಸ್ತಕವನ್ನು ತರುವುದಿಲ್ಲ, ಮುಖವನ್ನು ಮರೆಸುವನು. ನಮಗೆ ಬೇಕಾದುದು ದಂಡದ ನಾಣ್ಯವೋ, ಪುಸ್ತಕವೂ ಓದುಗನೂ ಮರಳುವುದೋ?

ಇಲಾಖೆಗಳು ಎರಡಿರುವಾಗ ಹೊಣೆಯು ಯಾರದೆಂಬುದು ಮೂರನೆಯದು. ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಾಲಿಲ್ಲ. ಕುಂಟನನ್ನು ಕುರುಡನು ಹೊತ್ತರೆ ಇಬ್ಬರೂ ಊರು ಸೇರುವರೆಂಬ ಅಂಧಪಂಗುನ್ಯಾಯವನ್ನು ಇಲ್ಲಿ ಅನ್ವಯಿಸಬೇಕು. ಒಂದು ಇಲಾಖೆಯಲ್ಲಿ ಸಂಗ್ರಹವುಂಟು, ಇನ್ನೊಂದರಲ್ಲಿ ಹಳ್ಳಿಹಳ್ಳಿಯ ಬಾಗಿಲುಂಟು. ಒಡೆತನವು ಕೊಂಡ ಶಾಖೆಯದೇ ಆಗಿರಲಿ. ಕಳುಹಿಸಿದವನು ರುಜು ಹಾಕಲಿ, ಪಡೆದವನು ರುಜು ಹಾಕಲಿ. ರುಜು ಹಾಕಿದ ಗಳಿಗೆಯಿಂದ ಹೊಣೆಯು ಪಡೆದವನದು. ಅಂಚೆಯವರು ಊರೂರಿಗೆ ಚೀಲಗಳನ್ನು ಲೆಕ್ಕದ ಮೇಲೆ ಸಾಗಿಸಲು ತೊಡಗಿ ನೂರೈವತ್ತು ವರ್ಷಗಳು ಮೀರಿದವು. ಕಾಗದಕ್ಕೆ ಸಾಧ್ಯವಾದುದು ಪುಸ್ತಕಕ್ಕೆ ಅಸಾಧ್ಯವೆ?

ಸಾಗಣೆಗೆ ಹಣವೆಲ್ಲಿ ಎಂಬುದು ಕಡೆಯದು. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್ಗುಡಿಯಿಂದ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಹಳ್ಳಿಗಳಿಗೆ ಹೊರಟವು. ಬಡೋದೆಯಲ್ಲಿ ಸಯಾಜಿರಾವ್ ಮಹಾರಾಜರ ಕಾಲದಲ್ಲಿ ಪೆಟ್ಟಿಗೆಗಳಲ್ಲಿ ತುಂಬಿದ ಸಂಚಾರಿ ಪುಸ್ತಕಾಲಯಗಳು ಊರೂರನ್ನು ಸುತ್ತಿದವು. ಎತ್ತಿನ ಗಾಡಿಗೆ ಸಾಧ್ಯವಾದುದು ದಿನವೂ ಹೋಬಳಿಗೆ ಹೋಗುವ ಬಸ್ಸಿಗೆ ಸಾಧ್ಯವಾಗದೆ? ವಾರಕ್ಕೊಂದು ಪೆಟ್ಟಿಗೆಯು ಸಾಕು. ಸ್ಥಳಸಂಸ್ಥೆಗಳು ವಸೂಲುಮಾಡಿದ ಗ್ರಂಥಾಲಯಕರವನ್ನು ಸಕಾಲದಲ್ಲಿ ಒಪ್ಪಿಸುವುದಿಲ್ಲವೆಂಬ ದೂರು ಹಳೆಯದು; ಆ ಬಾಕಿಯನ್ನು ಕೇಳುವ ಧೈರ್ಯವು ಬೇಕು.

ತಾಳೆಯೋಲೆಗಳೂ ಅಪೂರ್ವ ಗ್ರಂಥಗಳೂ ನಿಘಂಟುಗಳೂ ಇದ್ದಲ್ಲಿಯೇ ಇರಲಿ. ಅವಕ್ಕೆ ಸೆರೆಯು ರಕ್ಷಣೆಯೇ. ಉಳಿದವುಗಳಿಗೆ ಸಂಚಾರವೇ ಜೀವ.

ಆದುದರಿಂದ ನಮ್ಮ ಸಂಘದ ಸದಸ್ಯರಲ್ಲಿ ನನ್ನ ವಿಜ್ಞಾಪನೆಯಿದು. ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಒಂದು ವರ್ಷದ ಮಟ್ಟಿಗೆ ಈ ಕ್ರಮವನ್ನು ನಡೆಸಿ ನೋಡಬೇಕೆಂದು ಎರಡು ಇಲಾಖೆಗಳಿಗೂ ನಿರ್ಣಯವನ್ನು ಕಳುಹಿಸೋಣ. ವರ್ಷದ ಕೊನೆಯಲ್ಲಿ ಕಪಾಟಿನಲ್ಲಿ ಎಷ್ಟು ಪುಸ್ತಕಗಳು ಕ್ಷೇಮವಾಗಿವೆಯೆಂದು ಮಾತ್ರ ಎಣಿಸದೆ, ಎಷ್ಟು ಪುಸ್ತಕಗಳು ಓದಿಸಿಕೊಂಡು ಬಂದವು, ಎಷ್ಟು ಮಂದಿ ಕೇಳಿ ಬರಿಗೈಯಲ್ಲಿ ಹೋದರು ಎಂಬುದನ್ನೂ ಎಣಿಸಲಿ. ಈ ಎರಡನೆಯ ಲೆಕ್ಕವನ್ನು ಇದುವರೆಗೆ ನಮ್ಮ ಮುಂದೆ ಯಾರೂ ಇಟ್ಟಿಲ್ಲ. ಇಡಿರೆಂದು ನಾವೂ ಕೇಳಿಲ್ಲ. ಇನ್ನಾದರೂ ಕೇಳೋಣ.